ಕೋಡಿಯ ಓಟ್ಸ್ ಗಂಜಿಗೆ ಒಣ ಚಟ್ಲಿ ಬಿದ್ದ ಬಗ್ಗೆ

ತಾತ್ಕಾಲಿಕ ಗಂಜಿ ವಿಭಾಗ, ಕುಂದಾಪುರ ಶಾಖೆ

ಸುತ್ತೋಲೆ ಸಂಖ್ಯೆ: ತಾ.ಗಂ.ವಿ./ಓಟ್ಸ್/19/1946–47
ದಿನಾಂಕ: 14ನೇ ಆಗಸ್ಟ್ 1946

ವಿಷಯ: ಓಟ್ಸ್ ಗಂಜಿಯನ್ನು ಬೇಯಿಸುವ, ರುಚಿಗೊಳಿಸುವ ಹಾಗೂ ಉಣ್ಣುವ ಕ್ರಮದ ಕುರಿತು.

ಉಲ್ಲೇಖ: (ಅ) ಈ ವಿಭಾಗದ ಸುತ್ತೋಲೆ ಸಂಖ್ಯೆ 11.
(ಆ) ಗಂಜಿ ನಿರೀಕ್ಷಕ ಶ್ರೀ ಚಂದಯ್ಯನವರ ವರದಿ.
(ಇ) ಸದರಿಯವರು ನಾಲ್ಕು ದಿನಗಳ ತರುವಾಯ ಬರೆದ, ಮೊದಲನೆಯದಕ್ಕೆ ವಿರುದ್ಧವಾದ ವರದಿ.

1. ಮಳೆಗಾಲದಲ್ಲಿ ದೋಣಿಗಳು ದಡ ಸೇರಿ, ರೇಷನ್ ಅಕ್ಕಿಯೂ ಬಾರದಿದ್ದ ಕಾರಣ, ಕೋಡಿಯ ಮೀನುಗಾರ ಕುಟುಂಬಗಳಿಗೆ ದಿನಕ್ಕೊಂದು ಬಟ್ಟಲು ಓಟ್ಸ್ ಗಂಜಿ ಕೊಡಲು ಕಳೆದ ತಿಂಗಳು ಕೇಂದ್ರವೊಂದನ್ನು ತೆರೆಯಲಾಗಿತ್ತು. ಓಟ್ಸ್ ಎಂಬುದು ಹಡಗಿನಲ್ಲಿ ಬಂದ ಪರದೇಶದ ಧಾನ್ಯ. ಡಬ್ಬಿಯ ಮೇಲಿನ ಬರಹವನ್ನು ಅನುವಾದಿಸಿ, ಅದನ್ನು ಹಾಲಿನಲ್ಲಿ ಬೇಯಿಸಿ ಸಕ್ಕರೆ, ಕೆನೆ ಮತ್ತು ಸೇಬಿನ ಹೋಳು ಸೇರಿಸತಕ್ಕದ್ದೆಂದು ಉಲ್ಲೇಖ (ಅ)ರಲ್ಲಿ ಆದೇಶಿಸಲಾಗಿತ್ತು. ಹಾಲು, ಸಕ್ಕರೆ, ಕೆನೆ, ಸೇಬು ಇವುಗಳನ್ನು ಸರಬರಾಜು ಮಾಡಲಾಗಿರಲಿಲ್ಲ. ಆದರೂ ಆದೇಶವು ಜಾರಿಯಲ್ಲಿತ್ತು.

2. ಕೇಂದ್ರದ ಅಡುಗೆಯವರಾದ ಬಾಗಿ ಎಂಬವರು ಧಾನ್ಯವನ್ನು ಬರೇ ನೀರಿನಲ್ಲಿ ಬೇಯಿಸಿ ಬಡಿಸಿದರು. ಮೊದಲ ದಿನ ಬಂದ ಇನ್ನೂರು ಮಂದಿಯಲ್ಲಿ ಉಂಡವರು ಹದಿನಾಲ್ಕು ಮಂದಿ. ಬಚ್ಚ ಎಂಬ ವೃದ್ಧ ಮೀನುಗಾರರು "ಇದ್ ಗಂಜಿ ಅಲ್ಲ, ಗೋಂದ್" ಎಂದು ಹೇಳಿ, ತಮ್ಮ ಪಾಲನ್ನು ಒಯ್ದು ದೋಣಿಯ ಬಿರುಕಿಗೆ ಮೆತ್ತಿದರು. ಇನ್ನು ಮುಂದೆ ಗಂಜಿಯನ್ನು ದೋಣಿಗೆ ಉಣಿಸತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ. ದೋಣಿ ಈಗ ಸೋರುತ್ತಿಲ್ಲ ಎಂಬುದು ವಿನಾಯಿತಿಗೆ ಕಾರಣವಾಗದು.

3. ಐದನೆಯ ದಿನ ಬಾಗಿಯವರು ತಮ್ಮ ಮನೆಯ ಅಟ್ಟದಲ್ಲಿದ್ದ ಒಣ ಚಟ್ಲಿಯನ್ನು, ಎಂದರೆ ಒಣಗಿಸಿದ ಸಿಗಡಿಯನ್ನು, ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಿಸೆಹುಳಿಯೊಡನೆ ಅರೆದು ಗಂಜಿಗೆ ಸೇರಿಸಿದರು. ಚಿಕ್ಕ ಮಕ್ಕಳ ಬಟ್ಟಲಿಗೆ ಖಾರದ ಬದಲು ಕಾಯಿಹಾಲು, ಬೆಲ್ಲ ಹಾಕಿದರು. ಯಾವುದಕ್ಕೂ ಅನುಮತಿ ಕೇಳಲಾಗಿರಲಿಲ್ಲ. ಅಂದಿನಿಂದ ಇನ್ನೂರು ಬಟ್ಟಲುಗಳೂ ಖಾಲಿಯಾಗತೊಡಗಿದವು. ಈ ಅಸಾಮಾನ್ಯ ಬೆಳವಣಿಗೆಯ ವಿಚಾರಣೆಗಾಗಿ ಶ್ರೀ ಚಂದಯ್ಯನವರನ್ನು ಕಳುಹಿಸಲಾಯಿತು.

4. ಶ್ರೀ ಚಂದಯ್ಯನವರು ಸ್ಥಳದಲ್ಲಿ ಮೂರು ಬಟ್ಟಲು ಗಂಜಿಯನ್ನು ಪರಿಶೀಲಿಸಿದರು. ಎರಡನೆಯದು ಮೊದಲನೆಯದನ್ನು ಖಚಿತಪಡಿಸಿಕೊಳ್ಳಲು. ಮೂರನೆಯದಕ್ಕೆ ಕಾರಣ ನಮೂದಿಸಿಲ್ಲ. ಬಳಿಕ ನಿಯಮ ಉಲ್ಲಂಘನೆಯಾಗಿದೆ ಎಂದು ವರದಿ ಮಾಡಿದರು. ಬಾಗಿಯವರ ಹೇಳಿಕೆಯನ್ನು ಇದ್ದಂತೆಯೇ ಬರೆದುಕೊಳ್ಳಲಾಯಿತು: "ಹಾಲ್ ಹಾಕ್ಕ್ ಅಂದ್ರ್. ಹಾಲ್ ಎಲ್ಲಿತ್ತ್? ನನ್ ಮನಿಯಂಗೆ ಚಟ್ಲಿ ಇತ್ತ್, ಹಾಕ್ದೆ. ಮಕ್ಳ್ ಉಂಡೊ. ಎಂತ ತಪ್ಪ್ ಆಯ್ತ್?" ಇದರಲ್ಲಿ ಎರಡು ವಾಕ್ಯಗಳು ಪ್ರಶ್ನೆಗಳಾಗಿದ್ದು, ಹೇಳಿಕೆಯೆಂದು ಸ್ವೀಕರಿಸಲು ಬರುವುದಿಲ್ಲ. ಅವರನ್ನು ಅಮಾನತುಗೊಳಿಸಲಾಯಿತು.

5. ಮುಂದಿನ ಮೂರು ದಿನ ಕಚೇರಿಯಿಂದ ಕಳುಹಿಸಿದ ಅಡುಗೆಯವರು ನಿಯಮದಂತೆ, ಆದರೆ ಹಾಲು ಬಾರದಿದ್ದ ಕಾರಣ ಬರೇ ನೀರಿನಲ್ಲಿ, ಬೇಯಿಸಿದರು. ಜನರು ಬಂದರು, ಬಟ್ಟಲನ್ನು ಮುಂದಿಟ್ಟುಕೊಂಡು ಕುಳಿತರು, ಉಣ್ಣಲಿಲ್ಲ. ಯಾರೂ ಕೂಗಾಡಲಿಲ್ಲ. ಮೂರನೆಯ ದಿನ ಸರಸ ಎಂಬ ತಾಯಿಯ ಮಡಿಲಲ್ಲಿದ್ದ ಮೂರು ವರ್ಷದ ಬೇಬಿ ಎಂಬ ಮಗು, ಅಳುವುದನ್ನೂ ನಿಲ್ಲಿಸಿದ್ದನ್ನು ಶ್ರೀ ಚಂದಯ್ಯನವರು ಕಂಡರು. ಅದನ್ನು ನಮೂನೆಯಲ್ಲಿ ತುಂಬಲು ಹೊರಟು, ಅಂತಹ ಸಂಗತಿಗೆ ಅಂಕಣವಿಲ್ಲದ ಕಾರಣ, ನಮೂನೆಯನ್ನು ಮಡಚಿ ಕಿಸೆಗೆ ಹಾಕಿ, ಸುರಿಯುವ ಮಳೆಯಲ್ಲಿ ಬಾಗಿಯವರ ಮನೆಗೆ ನಡೆದರು. ಸರಕಾರಿ ಕೊಡೆಯನ್ನು ಕೇಂದ್ರದಲ್ಲೇ ಮರೆತಿದ್ದರು.

ಅಲ್ಲಿ ಅವರು, "ಬಾಗಕ್ಕಾ, ಒಂದ್ ಗಳಿಗಿ ಬನ್ನಿ. ನಾ ಬರ್ದ ಕಾಗ್ದ ನಾನೇ ಹರಿತೆ" ಎಂದರು.

ಬಾಗಿಯವರು, "ಹರಿಬೇಡಿ. ಸೌದಿ ಹಸಿ ಇತ್ತ್, ಒಲಿ ಹಚ್ಚುಕೆ ಬೇಕ್" ಎಂದು ಹೇಳಿ, ಚಟ್ಲಿಯ ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಹೊರಟರು. ಮಗುವು ಕಾಯಿಹಾಲು, ಬೆಲ್ಲ ಹಾಕಿದ ಗಂಜಿಯನ್ನು ಮೊದಲು ಎರಡು ಚಮಚ, ತರುವಾಯ ಒಂದು ಬಟ್ಟಲು ಉಂಡು, ಇನ್ನೊಂದು ಬೇಕೆಂದು ಅತ್ತಿತು. ಅಳು ಮರಳಿದ್ದನ್ನು ಪ್ರಗತಿಯೆಂದು ದಾಖಲಿಸಲಾಗಿದೆ.

6. ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಕ) ಓಟ್ಸ್ ಗಂಜಿಗೆ ರುಚಿ ಇರುವುದನ್ನು ಇನ್ನು ಮುಂದೆ ಅಪರಾಧವೆಂದು ಪರಿಗಣಿಸತಕ್ಕದ್ದಲ್ಲ.

(ಖ) ಕೋಡಿಯಲ್ಲಿ ಒಣ ಚಟ್ಲಿ; ಬೈಂದೂರಿನಲ್ಲಿ ಶುಂಠಿ, ಹಸಿಮೆಣಸು ಮತ್ತು ಮಜ್ಜಿಗೆ; ಬ್ರಹ್ಮಾವರದಲ್ಲಿ ಕಾಯಿಹಾಲು ಮತ್ತು ಬೆಲ್ಲ ಸೇರಿಸತಕ್ಕದ್ದು. ಶಂಕರನಾರಾಯಣವು ದೇವಸ್ಥಾನದ ಊರಾದ್ದರಿಂದ ಅಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ. ಅಲ್ಲಿ ಈ ಸುತ್ತೋಲೆಯನ್ನು ಓದುವಾಗ ಚಟ್ಲಿ ಎಂಬ ಪದ ಬಂದಲ್ಲಿ ಕೆಮ್ಮತಕ್ಕದ್ದು.

(ಗ) ಹುರಿದ ಚಟ್ಲಿಯ ಪರಿಮಳವು ಕೇಂದ್ರದ ಬೇಲಿ ದಾಟತಕ್ಕದ್ದಲ್ಲ. ದಾಟಿದಲ್ಲಿ ಗಾಳಿಯ ದಿಕ್ಕನ್ನೂ, ಅದರಿಂದ ಎಳೆಯಲ್ಪಟ್ಟು ಬಂದವರ ಸಂಖ್ಯೆಯನ್ನೂ ತಿಳಿಸಿ, ಅವರಿಗೂ ಬಡಿಸತಕ್ಕದ್ದು.

(ಘ) ನೆಕ್ಕಿದ ಬಟ್ಟಲನ್ನು ತೊಳೆದ ಬಟ್ಟಲೆಂದು ಭಾವಿಸತಕ್ಕದ್ದಲ್ಲ.

7. ಬಾಗಿಯವರ ಅಮಾನತನ್ನು ರದ್ದುಪಡಿಸಿದಲ್ಲಿ ವಿಭಾಗವು ತಪ್ಪೊಪ್ಪಿಕೊಂಡಂತಾಗುವುದರಿಂದ, ಅದನ್ನು ರದ್ದುಪಡಿಸಲಾಗಿಲ್ಲ. ಸದರಿಯವರು ತಮ್ಮ ಅಮಾನತಿನ ಅವಧಿಯನ್ನು ಪ್ರತಿದಿನ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ, ಕೇಂದ್ರದ ಒಲೆಯ ಮುಂದೆ, ಸೌಟು ಹಿಡಿದು, ಪೂರ್ಣ ಸಂಬಳದೊಡನೆ ಅನುಭವಿಸತಕ್ಕದ್ದು.

8. ಸುತ್ತೋಲೆ ಸಂಖ್ಯೆ 11 ಎಂದಿನಂತೆ ಜಾರಿಯಲ್ಲಿರುತ್ತದೆ. ಅದನ್ನು ಪಾಲಿಸುವ ಅಗತ್ಯವಿಲ್ಲ.

(ಸಹಿ ಓದಲಾಗುವುದಿಲ್ಲ)
ಸಹಾಯಕ ಅಧೀಕ್ಷಕರು
ತಾತ್ಕಾಲಿಕ ಗಂಜಿ ವಿಭಾಗ

ಪ್ರತಿಗಳು:

1. ಬೈಂದೂರು, ಬ್ರಹ್ಮಾವರ ಮತ್ತು ಶಂಕರನಾರಾಯಣ ಕೇಂದ್ರಗಳಿಗೆ, ಕ್ರಮಕ್ಕಾಗಿ.

2. ಡಬ್ಬಿ ಕಳುಹಿಸಿದ ಪರದೇಶದ ಕಂಪನಿಗೆ, ತಿಳಿವಳಿಕೆಗಾಗಿ. (ವಿಳಾಸವಿದ್ದ ಡಬ್ಬಿಯಲ್ಲಿ ಈಗ ಉಪ್ಪು ಇಡಲಾಗಿದೆ.)

3. ಕಡತಕ್ಕೆ.

4. ಶ್ರೀಮತಿ ಬಾಗಿಯವರಿಗೆ. ಓದು ಬಾರದ ಕಾರಣ ಶ್ರೀ ಚಂದಯ್ಯನವರು ಒಲೆಯ ಬಳಿ ನಿಂತು ಗಟ್ಟಿಯಾಗಿ ಓದಿ ಹೇಳಿ, ಉತ್ತರವನ್ನು ಹಿಂಬರಹದಲ್ಲಿ ತಿಳಿಸತಕ್ಕದ್ದು.

ಹಿಂಬರಹ:
ಪೂರ್ತಿ ಓದಿ ಹೇಳಿದೆ. ಅವರು ಸೌಟು ನಿಲ್ಲಿಸಲಿಲ್ಲ. "ಇಷ್ಟ್ ಉದ್ದ ಓದಿ ಗಂಟ್ಲ್ ಒಣಗಿರ್ಕ್. ಕೂಕಣಿ, ಒಂದ್ ಬಟ್ಲ್ ಉಣ್ಣಿ" ಎಂದರು. ಕೂತೆ.
— ಚಂದಯ್ಯ