ಹರಕೆಯ ಬೆಲ್ಲ ಮತ್ತು ನನ್ನ ಉಡದಾರ

ತೂಕದ ವಿಷಯದಲ್ಲಿ ರಾಯಚೂರಿನ ಗಂಜಿನ ಪೇಟೆಯಲ್ಲಿ ನನಗೆ ಬುದ್ಧಿ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ನಮ್ಮದು ದಲಾಲಿಯ ಅಡತಿ ಅಂಗಡಿ, ಶೇಂಗಾ ಮತ್ತು ಹತ್ತಿಯ ವ್ಯಾಪಾರ. ಬಂಡಿಯಿಂದ ಚೀಲ ಇಳಿಯುವಾಗಲೇ ದೂರದಿಂದ ಕಣ್ಣು ಹಾಯಿಸಿ ಅದರ ತೂಕ ಹೇಳುತ್ತಿದ್ದೆ; ಆಮೇಲೆ ತಕ್ಕಡಿ ಬಂದು ನನ್ನ ಮಾತಿಗೆ ಹೂಂಗುಟ್ಟುತ್ತಿತ್ತು. ಜೀವಮಾನದಲ್ಲಿ ನನ್ನ ಅಂದಾಜು ತಪ್ಪಿದ್ದು ಒಂದೇ ಒಂದು ಮಾಲಿನ ವಿಷಯದಲ್ಲಿ. ಆ ಮಾಲು ನಾನೇ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ನನಗೆ ವಿಷಮಜ್ವರ ಬಂದಿತ್ತು. ವೈದ್ಯರು ಕೈಚೆಲ್ಲಿದರು, ಹಕೀಮರು ತಲೆ ಅಲ್ಲಾಡಿಸಿದರು. ಆಗ ನಮ್ಮವ್ವ ದೇವಸುಗೂರಿನ ಸೂಗೂರೇಶ್ವರನಿಗೆ ಹರಕೆ ಹೊತ್ತಳು. ಮಗ ಎದ್ದು ಕುಳಿತರೆ ನಿನ್ನ ಗುಡಿಯಲ್ಲಿ ತಕ್ಕಡಿಗೆ ಕೂರಿಸಿ ಅವನ ತೂಕದಷ್ಟು ಬೆಲ್ಲ ಕೊಡುತ್ತೇನೆ ಎಂದಳು. ಹಾಗೆನ್ನುವಾಗ ಹಾಸಿಗೆಯ ಮೇಲೆ ಇದ್ದದ್ದು ಬರೀ ಎಲುಬು ಮತ್ತು ಚರ್ಮ. ಅವ್ವ ಅದನ್ನೇ ಲೆಕ್ಕ ಹಿಡಿದಿದ್ದಳು, ಪಾಪ. ದೇವರು ದೊಡ್ಡವನು, ನಾನು ಎದ್ದು ಕುಳಿತೆ. ಕುಳಿತವನು ಊಟಕ್ಕೇ ಕುಳಿತೆ.

ಅಷ್ಟರಲ್ಲಿ ಯುದ್ಧ ಬಂತು. ಸಕ್ಕರೆಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು, ಬೆಲ್ಲವಂತೂ ಗಂಜಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿತ್ತು. ದೇವದುರ್ಗದ ನನ್ನ ಸೋದರಮಾವ ಎಲ್ಲೆಲ್ಲಿಂದಲೋ ಹೊಂದಿಸಿ, ಬಂದಾಗಲೆಲ್ಲ ಒಂದೊಂದು ದೊಡ್ಡ ಬೆಲ್ಲದ ಮುದ್ದೆ, ಅಂದರೆ ಪೆಂಟಿ, ತಂದು ಕೊಟ್ಟಿದ್ದ. ಅವ್ವ ಅವುಗಳನ್ನು ಒಳಕೋಣೆಯಲ್ಲಿ ಗೋಣಿತಟ್ಟಿನ ಕೆಳಗೆ ಜೋಡಿಸಿಟ್ಟು, ಇರುವೆ ಬಾರದಂತೆ ಸುತ್ತ ಬೂದಿ ಹಾಕಿ ಕಾಯುತ್ತಿದ್ದಳು. ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ನನ್ನನ್ನು ಒಳಗೆ ಕರೆದು ತಟ್ಟು ಸರಿಸಿದಳು.

"ಯಪ್ಪಾ, ಈ ಶ್ರಾವಣದ ಕಡೀ ಸ್ವಾಮವಾರ ಹರಕಿ ತೀರಿಸಿಬಿಡೂನು. ನಾ ಕಣ್ಣು ಮುಚ್ಚೂದ್ರಾಗ ದೇವರ ಭಾರ ನನ್ನ ತಲಿ ಮ್ಯಾಲಿಂದ ಇಳೀಬೇಕು," ಎಂದಳು. ಆಮೇಲೆ ಪೆಂಟಿಗಳನ್ನು ನೋಡಿದಳು. ನನ್ನ ಹೊಟ್ಟೆಯನ್ನು ನೋಡಿದಳು. ಮತ್ತೆ ಪೆಂಟಿಗಳನ್ನು ನೋಡಿದಳು. "ಆದ್ರ ಆವಾಗ ನೀ ಇಷ್ಟು ಇದ್ದಿದ್ದಿಲ್ಲಲ್ಲೋ," ಎನ್ನುವಾಗ ಅವಳ ಧ್ವನಿ ಸಣ್ಣಗಾಯಿತು.

ಅಡುಗೆಮನೆಯಿಂದ ನನ್ನ ಹೆಂಡತಿ ಗಂಗಮ್ಮ, "ಬೆಲ್ಲ ಇದ್ದಷ್ಟ ಅದರಿ ಅತ್ತೀ. ಬೆಳದವರು ಇವರು," ಎಂದಳು.

ಅವಳ ಮಾತು ನನಗೆ ತಾಗಲಿಲ್ಲ. ಅವ್ವನ ಮುಖ ತಾಗಿತು. ಬೆಲ್ಲ ಸಾಲದೆ ಹೋದರೆ ಈ ವಯಸ್ಸಿನಲ್ಲಿ ಅವಳು ದೇವರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿತ್ತು. ಬೆಲ್ಲ ಹೆಚ್ಚಿಸುವುದು ಯಾರ ಕೈಯಲ್ಲೂ ಇರಲಿಲ್ಲ. ನನ್ನನ್ನು ಇಳಿಸುವುದು ನನ್ನ ಕೈಯಲ್ಲಿತ್ತು. ಶ್ರಾವಣದ ಕೊನೆಯೊಳಗೆ ಬೆಲ್ಲದಷ್ಟಕ್ಕೆ ಇಳಿದು ತೋರಿಸುತ್ತೇನೆ, ಚಿಂತೆ ಬಿಡು ಎಂದು ಅವ್ವನಿಗೆ ಮಾತು ಕೊಟ್ಟೆ.

ಮಾತು ಕೊಟ್ಟ ಮರುದಿನವೇ ಮಾನ್ವಿಯಿಂದ ನನ್ನ ಷಡ್ಡಕ ವೀರಭದ್ರಪ್ಪ ಬಂದ. ಗಂಗಮ್ಮನ ತಂಗಿಯ ಗಂಡ ಈತ. ಆಸಾಮಿ ಎಷ್ಟು ತೆಳ್ಳಗಿದ್ದನೆಂದರೆ, ಅವನು ಮೈಮೇಲೆ ಹಾಕಿಕೊಂಡ ಅಂಗಿ ಇನ್ನೂ ಗೂಟದಲ್ಲೇ ನೇತಾಡುತ್ತಿದೆ ಅನಿಸುತ್ತಿತ್ತು. ಇಳಿಯುವ ವಿದ್ಯೆ ಕೇಳಲು ಇವನಿಗಿಂತ ಯೋಗ್ಯ ಗುರು ಯಾರು ಸಿಕ್ಕಾರು! ನಮ್ಮ ಮನೆಯ ರೊಟ್ಟಿಯ ಬುಟ್ಟಿಯನ್ನು ಎದುರಿಗಿಟ್ಟುಕೊಂಡು, ತಳ ಕಾಣುವವರೆಗೂ ತಿನ್ನುತ್ತ, ಅವನು ನನಗೆ ಉಪದೇಶ ಮಾಡಿದ.

"ಅಣ್ಣಾರ, ಮೈ ಬೆಳಸೂದು ರೊಟ್ಟಿ ನೋಡ್ರಿ. ಅದನ್ನ ಬಿಟ್ಟರ ಮೈ ತಾನ ಇಳೀತದ. ಶ್ರಾವಣ ಬಂದದ, ಉಪಾಸ ಹಿಡೀರಿ. ಫಲಾರ ಎಷ್ಟರ ತಿನ್ರಿ, ಅದು ದೇವರ ಲೆಕ್ಕಕ್ಕ ಹೋಗ್ತದ. ನಮ್ಮ ಮೈಗೆ ಹತ್ತೂದಿಲ್ಲ."

ಹಾಗಾದರೆ ನೀನು ರೊಟ್ಟಿ ತಿಂದೂ ಹೀಗೇಕಿದ್ದೀ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗುರುವನ್ನು ಪ್ರಶ್ನಿಸಬಾರದೆಂಬ ಸಂಸ್ಕಾರ ನನ್ನಲ್ಲಿ ಬಲವಾಗಿತ್ತು.

ಮರುದಿನದಿಂದ ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲಕ್ಕೂ ಶರಣು ಹೊಡೆದೆ. ಉಪವಾಸವೆಂದರೆ ಉಪವಾಸ. ಬೆಳಗ್ಗೆ ಶೇಂಗಾ ಉಂಡಿ, ಬಾಳೆಹಣ್ಣು ಮತ್ತು ಕೆನೆ ಕಟ್ಟಿದ ಹಾಲು; ಮಧ್ಯಾಹ್ನ ಮೊಸರು ಕಲಸಿದ ಅವಲಕ್ಕಿ; ಸಂಜೆ ಖರ್ಜೂರ, ಮತ್ತೆ ಉಂಡಿ. ಕೊಬ್ಬು ಕರಗಲೆಂದು ನಸುಕಿನಲ್ಲೇ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಜೇನುತುಪ್ಪ ಕಲಸಿ ಕುಡಿಯುತ್ತಿದ್ದೆ. ಕುಡಿದ ಕೂಡಲೇ ಹಸಿವು ಭುಗಿಲ್ಲೆನ್ನುತ್ತಿತ್ತು. ಕರಗಿದ ಜಾಗ ಖಾಲಿಯಾಗಿ ಕೂಗುತ್ತಿದೆ ಎಂದು ಸಂತೋಷಪಟ್ಟು, ಆ ಜಾಗಕ್ಕೆ ಇನ್ನೆರಡು ಉಂಡಿ ಕಳಿಸುತ್ತಿದ್ದೆ.

ಗುರುವಿನ ಉಪದೇಶಕ್ಕೆ ನನ್ನ ಸ್ವಂತ ಸಂಶೋಧನೆಯನ್ನೂ ಸೇರಿಸಿದೆ. ವ್ಯಾಪಾರಿಯಲ್ಲವೆ, ತೂಕದ ತತ್ತ್ವ ನನಗೆ ಗೊತ್ತು. ಚುರುಮುರಿಯ ಚೀಲವನ್ನು ನೋಡಿ: ಆಳೆತ್ತರದ ಚೀಲವನ್ನು ಹಮಾಲ ಕಿರುಬೆರಳಲ್ಲಿ ಎತ್ತುತ್ತಾನೆ. ಚೀಲದಲ್ಲಿ ತೂಗದ್ದು ಹೊಟ್ಟೆಯಲ್ಲಿ ಹೇಗೆ ತೂಗೀತು? ಆದ್ದರಿಂದ ಸಂಜೆ ಬೆವರಿಳಿಸಲೆಂದು ಟೇಶನ್ನಿನವರೆಗೆ ನಡೆದು ಹೋಗಿ, ಅಲ್ಲಿ ಎಣ್ಣೆ, ಹುರಿದ ಪುಟಾಣಿ ಕಾಳು ಹಾಕಿದ ಚುರುಮುರಿಯನ್ನು ನಿರ್ಭಯವಾಗಿ ತಿನ್ನುತ್ತಿದ್ದೆ. ಅವಲಕ್ಕಿಯ ವಿಷಯವೂ ಅಷ್ಟೇ. ಅದು ತೆಳ್ಳಗಿರುತ್ತದೆ, ತಿಂದವರನ್ನೂ ತೆಳ್ಳಗೆ ಮಾಡುತ್ತದೆ. ಇನ್ನು ಅಂಗಡಿಯಲ್ಲಿ, ಗೋದಾಮಿನ ಶೇಂಗಾಕ್ಕೆ ಮುಗ್ಗಲು ಹತ್ತಿದೆಯೇ ಎಂದು ಚೀಲ ಚೀಲಕ್ಕೂ ಒಂದೊಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡುವುದು ನಮ್ಮ ಕಸುಬು. ಅದು ಊಟವಲ್ಲ, ಕೆಲಸ. ಅದನ್ನು ಹೊಟ್ಟೆಯ ಲೆಕ್ಕಕ್ಕೆ ಹಿಡಿಯುವುದು ಅಡತಿ ವ್ಯಾಪಾರಕ್ಕೇ ಅವಮಾನ.

ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ಕುಳಿತು ನೋಡಿಬಿಡಬೇಕೆಂದು ಮನಸ್ಸಾಯಿತು. ಅವ್ವ ಕೇಳಿದವಳೇ ಕೈಮುಗಿದಳು. ದೇವರಿಗೆ ತೂಗಬೇಕಾದ ಮೈಯನ್ನು ಮೊದಲೇ ಗಂಜಿನಲ್ಲಿ ತೂಗಿದರೆ ಎಂಜಲಾಗುತ್ತದೆ, ಹಾಗೆ ಮಾಡಬೇಡ ಎಂದಳು. ಅಂತೂ ಇಡೀ ಗಂಜಿನಲ್ಲಿ ತೂಗದೆ ಉಳಿದ ಮಾಲು ನಾನೊಬ್ಬನೇ.

ಆದರೆ ಪುರಾವೆ ತಾನಾಗಿಯೇ ಸಿಕ್ಕಿತು. ನಾಗರಪಂಚಮಿಯ ದಿನ ಅವ್ವ ಮನೆಮಂದಿಗೆಲ್ಲ ಹೊಸ ಉಡದಾರ ಹೊಸೆದು ಕೊಡುವುದು ನಮ್ಮ ಮನೆಯ ರೂಢಿ. ಒಂದು ತುದಿಗೆ ಕುಣಿಕೆ, ಇನ್ನೊಂದು ತುದಿಗೆ ಗಂಟು. ಎಣ್ಣೆನೀರು ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿದರಾಯಿತು. ಆ ದಿನ ಸಿಕ್ಕಿಸಿದೆ. ದಾರ ಸೊಂಟದ ಮೇಲೆ ನಿಲ್ಲಲಿಲ್ಲ, ಜಾರಿತು! ಹಿಂದಿನ ದಿನದವರೆಗೆ ಮೈಯೊಳಗೆ ಹೂತುಹೋಗಿರುತ್ತಿದ್ದ ಉಡದಾರ ಈಗ ಬೆರಳು ತೂರುವಷ್ಟು ಸಡಿಲ. ಒದ್ದೆ ಮೈಯಲ್ಲೇ ಅಡುಗೆಮನೆಗೆ ಓಡಿ ಗಂಗಮ್ಮನಿಗೆ ತೋರಿಸಿದೆ.

ಅವಳು ದಾರವನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾದ್ರ ಇಳದೀರಿ ಅನ್ರಿ," ಎಂದಳು.

"ಇಳದೀನಿ ಏನು, ಇನ್ನೂ ಇಳಿಯಾಕತ್ತೀನಿ," ಎಂದೆ.

ಅಂದಿನಿಂದ ನಾನು ದಿನಾ ಬೆಳಗ್ಗೆ ಮೊದಲ ಉಂಡಿ ತಿನ್ನುತ್ತ, ಇವತ್ತು ಇಷ್ಟು ಇಳಿದೆ, ನಿನ್ನೆ ಅಷ್ಟು ಇಳಿದಿದ್ದೆ ಎಂದು ಮನೆಯಲ್ಲಿ ವರದಿ ಒಪ್ಪಿಸತೊಡಗಿದೆ. ಗಂಗಮ್ಮ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದಳು. ಆಶ್ಚರ್ಯವೆಂದರೆ, ನಾನು ಹೆಚ್ಚು ಇಳಿದೆನೆಂದು ಹೇಳಿದಷ್ಟೂ ಉಂಡಿಗಳು ದಪ್ಪವಾಗುತ್ತ, ಸಿಹಿಯಾಗುತ್ತ ಹೋದವು. ಪಕ್ಕದ ಮನೆಯವರು ಬರೀ ಚಹಾಕ್ಕೂ ಸಿಹಿಯಿಲ್ಲದೆ ಒದ್ದಾಡುತ್ತಿದ್ದ ಕಾಲದಲ್ಲಿ ಈ ಸಿಹಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಉಪವಾಸ ಮಾಡುವವರು ಬಾಯಿಚಪಲದ ವಿಷಯ ಚರ್ಚಿಸಬಾರದು.

ಶ್ರಾವಣದ ಕೊನೆ ಬರುವ ಹೊತ್ತಿಗೆ ಉಡದಾರ ಯಾಕೋ ಮತ್ತೆ ಬಿಗಿಯಾಗತೊಡಗಿತು. ಮಳೆಗಾಲದ ಥಂಡಿಗೆ ದಾರ ಕುಗ್ಗಿರಬೇಕೆಂದು ತೀರ್ಮಾನಿಸಿದೆ. ಕೋಟಿನ ಗುಂಡಿ ಹರಿದು ಹಾರಿದಾಗ ದರ್ಜಿಯನ್ನು ಬೈದೆ.

ಕೊನೆಯ ಸೋಮವಾರ ಬಂಡಿ ಕಟ್ಟಿಸಿಕೊಂಡು ದೇವಸುಗೂರಿಗೆ ಹೊರಟೆವು. ನಾನು, ಅವ್ವ, ಗಂಗಮ್ಮ, ಮತ್ತು ಶಿಷ್ಯನ ಸಾಧನೆ ನೋಡಲೆಂದೇ ಮಾನ್ವಿಯಿಂದ ಬಂದ ವೀರಭದ್ರಪ್ಪ. ಬೆಲ್ಲವನ್ನು ಗಂಗಮ್ಮನೇ ಚೀಲಗಳಲ್ಲಿ ಕಟ್ಟಿ ಬಂಡಿಯ ಮುಂಭಾಗದಲ್ಲಿ ಇಡಿಸಿದ್ದಳು. ನಾನು ಹಿಂದೆ ಕುಳಿತೆ. ಸ್ವಲ್ಪ ದೂರ ಹೋಗುವುದರಲ್ಲಿ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೆ ಏಳತೊಡಗಿತು. ಬಂಡಿಯವನು, ಹಿಂದೆ ಭಾರವಾಗಿದೆ, ಮುಂದೆ ಸರಿಯಿರಿ ಎಂದ. ಬೆಲ್ಲದ ಭಾರ ಇರಬೇಕಪ್ಪ ಎಂದೆ. ಬೆಲ್ಲ ಮುಂದೆಯೇ ಇದೆಯಲ್ಲ ಎಂದು ಅವನು ಎತ್ತುಗಳಿಗೆ ಹೇಳಿಕೊಂಡ.

ಗುಡಿಯ ಮಂಟಪದಲ್ಲಿ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಹರಕೆಯ ತೂಕ ಎಂದರೆ ನೋಡಲು ಜನ ಕೂಡುತ್ತಾರೆ, ಕೂಡಿದರು. ನಾನು ಹೂವಿನ ಹಾರ ಹಾಕಿಕೊಂಡು, ಹೂವಿನಷ್ಟೇ ಹಗುರಾದವನ ಠೀವಿಯಿಂದ ತಕ್ಕಡಿಯ ಒಂದು ಪರಡಿಯಲ್ಲಿ ಕುಳಿತೆ. ಪರಡಿ ನೆಲಕ್ಕೆ ತಾಗಿತು. ವಯಸ್ಸಾದ ಪೂಜಾರಿ ಇನ್ನೊಂದಕ್ಕೆ ಒಂದೊಂದೇ ಪೆಂಟಿ ಇಡುತ್ತ ಹೋದರು. ಚೀಲಗಳು ಖಾಲಿಯಾದವು. ನಾನು ಕುಳಿತಲ್ಲೇ ಕುಳಿತಿದ್ದೆ.

ವೀರಭದ್ರಪ್ಪ ಕಿವಿಯಲ್ಲಿ, ಕೋಟು ತೆಗೆಯಿರಿ ಎಂದ. ತೆಗೆದೆ. ರುಮಾಲು ತೆಗೆದೆ. ಹಾರ ತೆಗೆದೆ. ತಕ್ಕಡಿ ಜಪ್ಪಯ್ಯ ಅನ್ನಲಿಲ್ಲ. ಧೋತರದ ಕಡೆ ಕೈ ಹೋದಾಗ ಅವ್ವ, ಅದೊಂದು ಇರಲಿ ಎಂದು ತಡೆದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷ ಬೂದಿ ಹಾಕಿ ಕಾದ ಬೆಲ್ಲ, ಕಡೆಗೂ ಸಾಲಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನಿಸಿತು, ಆದರೆ ನನ್ನ ಭಾರಕ್ಕೂ ಅದು ಬಾಯಿಬಿಡಲಿಲ್ಲ.

"ಯವ್ವಾ, ಪಂಚಮಿ ದಿನ ಉಡದಾರ ಸಡ್ಲ ಆಗಿತ್ತಲ್ಲ," ಎಂದು ಬಡಬಡಿಸಿದೆ.

"ಹಳೇದು ನಿನ್ನ ಸೊಂಟ ಕೊಯ್ಯಾಕತ್ತಿತ್ತು ಅಂತ, ಈ ವರ್ಷ ನಾನ ಉದ್ದ ಹೊಸದಿದ್ನೆಪಾ," ಎಂದಳು ಅವ್ವ.

ಪೂಜಾರಿಗಳು ಖಾಲಿ ಚೀಲ ಕೊಡವಿದರು. ಇಷ್ಟು ಚೀಲಗಳಿಗೆ ಪೆಂಟಿಗಳು ಕಡಿಮೆ ಕಾಣುತ್ತವಲ್ಲ, ತಂದ ಬೆಲ್ಲವೆಲ್ಲ ಇಷ್ಟೇ ಏನು ಎಂದು ಕೇಳಿದರು. ಅವ್ವನೂ ಆಗಲೇ ಗಮನಿಸಿ ನೋಡಿದಳು; ತಾನು ಜೋಡಿಸಿಟ್ಟಷ್ಟು ಇರಲಿಲ್ಲ. ಎಲ್ಲರೂ ಗಂಗಮ್ಮನ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು, ಸಾವಕಾಶ ಹೇಳಿದಳು.

"ಇವರು ದಿನಾ ಇಷ್ಟು ಇಳದೆ, ಅಷ್ಟು ಇಳದೆ ಅಂತಿದ್ರು. ಇವರು ಇಳದಷ್ಟು ಬೆಲ್ಲ ಹೆಚ್ಚಾತಲ್ಲ ಅಂತ, ಅಷ್ಟನ್ನ ತಗದು ಇವರ ಉಂಡಿಗೆ ಹಾಕೀನಿ. ತಗದ ಬೆಲ್ಲ ಎಲ್ಲೂ ಹೋಗಿಲ್ರಿ ಅಜ್ಜಾರ. ಅದೂ ತಕ್ಕಡ್ಯಾಗ ಅದ. ಆದ್ರ ಈ ಕಡಿ ಪರಡ್ಯಾಗ."

ಮಂಟಪ ನಕ್ಕಿತು. ಕಂಬದ ಹಿಂದೆ ವೀರಭದ್ರಪ್ಪ ಇದ್ದ. ಆ ಕಂಬಕ್ಕೆ ಅವನನ್ನು ಪೂರ್ತಿ ಮರೆಮಾಡುವುದು ಕಷ್ಟವೇನಾಗಲಿಲ್ಲ.

ಪೂಜಾರಿಗಳು ಮಾತ್ರ ನಗಲಿಲ್ಲ. ಅವ್ವನಿಗೆ ಸಮಾಧಾನ ಹೇಳಿದರು. ಬೆಲ್ಲ ಕಡಿಮೆ ಬಿದ್ದರೆ ಅಷ್ಟು ತೂಕದ ಕೃಷ್ಣೆಯ ನೀರು ಸಲ್ಲುತ್ತದೆ, ಅಭಿಷೇಕಕ್ಕೆ ಆಯಿತು. ಆದರೆ ಕೊಡ ಹೊತ್ತು ತರುವವನು ಹರಕೆಯವನೇ ಆಗಿರಬೇಕು ಎಂದರು. ಅವ್ವನ ಮುಖ ಬೆಳಗಿತು. ನನ್ನದು ಆರಿತು.

ಶ್ರಾವಣದಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಳು, ದಂಡೆಯೆಲ್ಲ ಕೆಸರು. ಕೊಡ ತುಂಬಿ ಹೆಗಲ ಮೇಲಿಟ್ಟುಕೊಂಡು ಏರಿ ಬಂದು ಪರಡಿಯಲ್ಲಿಟ್ಟೆ, ಈಚೆ ಪರಡಿಯಲ್ಲಿ ಕುಳಿತೆ. ಅಲ್ಲಾಡಲಿಲ್ಲ. ಇನ್ನೊಂದು ಕೊಡ ಹಿಡಿದು ಮತ್ತೆ ಇಳಿದೆ, ಮತ್ತೆ ಏರಿದೆ, ಮತ್ತೆ ಕುಳಿತೆ. ಒಂದೊಂದು ಏರಿಕೆಯಲ್ಲೂ ಒಂದೊಂದು ಉಂಡಿ ನೆನಪಾಗುತ್ತಿತ್ತು. ನೋಡುವ ಮಂದಿ ಊಟಕ್ಕೆ ಹೋಗಿ ಬಂದರು, ನಾನು ಇನ್ನೂ ನೀರು ಹೊರುತ್ತಿದ್ದೆ. ಕೊನೆಗೊಮ್ಮೆ ಕಣ್ಣು ಮುಚ್ಚಿ ಕುಳಿತಾಗ ನನ್ನ ಪರಡಿ ಮೆಲ್ಲಗೆ ನೆಲ ಬಿಟ್ಟಿತು. ಕಣ್ಣು ತೆರೆದರೆ ಅವ್ವ ಎರಡೂ ಕೈ ಜೋಡಿಸಿ ನಿಂತಿದ್ದಳು, ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಎಲುಬು ಉಳಸಪ್ಪಾ ಅಂತ ಕೇಳಿದ್ದೆ. ಬಂಡಿ ತುಂಬುವಷ್ಟು ಕೊಟ್ಟೀದಿ," ಎಂದು ಅವಳು ದೇವರಿಗೆ ಹೇಳಿದಳು. ಆ ಒಂದು ಮಾತಿಗೆ ನಾನು ಇನ್ನೂ ಒಂದು ಕೊಡ ಹೊರುತ್ತಿದ್ದೆ, ಕಾಲು ಒಪ್ಪಿದ್ದರೆ.

ತೂಗಿದ ಬೆಲ್ಲವನ್ನು ಒಡೆದು ಎಲ್ಲರಿಗೂ ಹಂಚಿದರು. ಪೂಜಾರಿಗಳು ನನ್ನ ಬೊಗಸೆಗೆ ದೊಡ್ಡ ಹೆಂಟೆಯೊಂದನ್ನು ಇಟ್ಟರು. ನೀರು ಹೊತ್ತು ಹೊತ್ತು ಹೊಟ್ಟೆ ಹಸಿದಿತ್ತು. ಆದರೂ ಉಪವಾಸದ ನೆನಪಾಗಿ ಅನುಮಾನಿಸಿದೆ. ಕಂಬದ ಹಿಂದಿನಿಂದ ಹೊರಬಂದ ವೀರಭದ್ರಪ್ಪ, ಪ್ರಸಾದಕ್ಕೆ ತೂಕ ಇರುವುದಿಲ್ಲ, ತಿನ್ನಿರಿ ಎಂದ. ಇವನ ಮಾತು ಕೇಳಿಯೇ ಈ ಗತಿ ಬಂದದ್ದೆಂದು ನನಗೆ ನೆನಪಾಗುವ ಮೊದಲೇ ಹೆಂಟೆ ಬಾಯಿ ಸೇರಿತ್ತು.

ಗಂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಅತ್ತೀ, ಬರೂ ಪಂಚಮಿಗೆ ದಾರ ಇನ್ನೊಂದು ಗೇಣು ಉದ್ದ ಹೊಸೀರಿ," ಎಂದಳು.

ನಾನು ತಲೆಯಾಡಿಸಿ ಒಪ್ಪಿದೆ. ಬಾಯಲ್ಲಿ ಬೆಲ್ಲವಿತ್ತು.