ಮೂರು ಕೂಗಿನ ಸ್ಕ್ಯಾಲಪ್

...ಅಥವಾ ಅದು ಸೋಮವಾರ ಆಗಿರಲಿಕ್ಕಿಲ್ಲ. ಸೋಮವಾರ ಅಂತಲೇ ನನ್ನ ನೆನಪು ಹೇಳುತ್ತದೆ. ಆದರೆ ಅದಕ್ಕೊಂದು ಕೆಟ್ಟ ಚಾಳಿಯಿದೆ. ಯಾವ ವಾರ ಇಟ್ಟರೆ ಕಥೆಗೆ ಖಾರ ಹೆಚ್ಚಾಗುತ್ತದೋ ಅದನ್ನೇ ಆರಿಸಿಕೊಳ್ಳುತ್ತದೆ. ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನ್ನ ಸೋದರತ್ತೆ, ಪದ್ಮನಾಭನಗರದ ತಮ್ಮ ಮನೆಯಲ್ಲಿ, ಶಿವನ ವಾರದ ದಿನ, ಕಡಲಿನ ಜೀವಿಯೊಂದನ್ನು ಕುಕ್ಕರಿನಲ್ಲಿ ಕೂಗಿಸಿದರು ಅಂದರೆ ಕೇಳಲು ಎಷ್ಟು ಚೆನ್ನ! ಗುರುವಾರ ಅಂದರೆ ಅಷ್ಟು ಮಜಾ ಬರುವುದಿಲ್ಲ. ಆದ್ದರಿಂದ ವಾರವನ್ನು ಬಿಟ್ಟುಬಿಡೋಣ. ಕುಕ್ಕರ್ ಮಾತ್ರ ನಿಜ. ಅದು ಕೂಗಿದ್ದು ಮೂರು ಸಲ. ಬೇಕಿದ್ದರೆ ನನ್ನ ಹಲ್ಲುಗಳನ್ನು ಕೇಳಿ.

ಬೆಂಗಳೂರು ದಕ್ಷಿಣದಲ್ಲಿ ಸ್ಕ್ಯಾಲಪ್ಪನ್ನು ನಾಲ್ಕು ಬಗೆಯಾಗಿ ಬೇಯಿಸಬಲ್ಲ, ಆದರೆ ನಾಲ್ಕರಲ್ಲಿ ಒಂದನ್ನೂ ನಾಲಿಗೆಗೆ ಸೋಕಿಸದ ಏಕೈಕ ಅಡುಗೆಗಾರ್ತಿ ನಮ್ಮತ್ತೆ. ಈ ಬಿರುದಿಗೆ ಪ್ರತಿಸ್ಪರ್ಧಿಗಳು ಇದ್ದರೆ ಮುಂದೆ ಬರಲಿ. ಸ್ಕ್ಯಾಲಪ್ ಅಂದರೆ ಏನೆಂದು ಕೇಳುತ್ತೀರಾ? ನನಗೂ ಗೊತ್ತಿರಲಿಲ್ಲ. ಬೀಸಣಿಗೆಯಂಥ ಚಿಪ್ಪಿನೊಳಗೆ ಇರುವ ಒಂದು ಪ್ರಾಣಿ. ಅಂಗಡಿಗೆ ಬರುವಾಗ ಚಿಪ್ಪು ಹೋಗಿ, ಒಳಗಿನ ಬಿಳಿಯ ಗುಂಡನೆಯ ತುಂಡು ಮಾತ್ರ ಉಳಿದಿರುತ್ತದೆ. ದೂರದಿಂದ ನೋಡಿದರೆ ಪುಟಾಣಿ ಇಡ್ಲಿ.

ಅತ್ತೆ ಫೋನ್ ಮಾಡಿದ್ದು ಮಧ್ಯಾಹ್ನ. "ಸಂಜೆ ಮನೆಗೆ ಬಾ. ಏನೂ ತಿನ್ಕೊಂಡು ಬರ್ಬೇಡ" ಅಂದರು. ಹೋದೆ. ಮಾವ ಹಾಲ್‌ನಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. "ಏನ್ ಮಾವ, ಸಮಾಚಾರ?" ಅಂದೆ. "ನಾನು ಏನೂ ನೋಡಿಲ್ಲ" ಅಂದರು. ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದಲ್ಲಿ, ಒಂದು ಇಂಡಕ್ಷನ್ ಸ್ಟವ್. ಮೇಲೆ ಹೊಸ ಕುಕ್ಕರ್. ಅತ್ತೆ ಹಳೆಯ ಸೀರೆ ಉಟ್ಟಿದ್ದರು. ಕರಡಿಗೆಯನ್ನು ಎದೆಯ ಮೇಲಿಂದ ಬೆನ್ನಿಗೆ ತಿರುಗಿಸಿಕೊಂಡಿದ್ದರು.

"ಇದೇನತ್ತೆ, ಹಿಂದಕ್ಕೆ ಹಾಕ್ಕೊಂಡಿದೀರ?"

"ಈ ಕಡೆ ನೋಡೋದು ಬೇಡ ಅಂತ. ಬಾಯಿ ತೆಗಿ."

ನಾನು ಬಾಯಿ ತೆರೆದೆ. ದೊಡ್ಡವರು ಹೇಳಿದರೆ ತೆರೆಯುತ್ತೇವಲ್ಲ. ಬಾಯೊಳಗೆ ಬಿದ್ದದ್ದನ್ನು ಹೇಗೆ ವರ್ಣಿಸಲಿ? ಹಳೆಯ ಹವಾಯಿ ಚಪ್ಪಲಿಯ ಉಂಗುಟದ ಜಾಗವನ್ನು ದುಂಡಗೆ ಕತ್ತರಿಸಿ, ಉಪ್ಪುನೀರಿನಲ್ಲಿ ಅದ್ದಿ ಕೊಟ್ಟ ಹಾಗೆ. ಅಗಿದೆ. ಅದೂ ನನ್ನನ್ನು ಅಗಿಯಿತು.

"ಏನತ್ತೆ ಇದು?"

"ಸ್ಕ್ಯಾಲಪ್. ಸಮುದ್ರದ್ದು. ಬೆಂದಿದ್ಯಾ?"

ಈ ಅತ್ತೆ, ಕೇಕಿನಲ್ಲಿ ಮೊಟ್ಟೆ ಇರಬಹುದೆಂದು ಹುಟ್ಟುಹಬ್ಬಗಳಿಗೇ ಹೋಗದವರು. "ನೀವು... ಇದನ್ನ ನನಗೆ... ನಾನು ತಿನ್ನಲ್ವಲ್ಲ ಅತ್ತೆ" ಎಂದು ತೊದಲಿದೆ.

"ಕಾಲೇಜಿಗೆ ಹೋಗ್ವಾಗ ನೀನು ನಾಲ್ಕು ವರ್ಷ ಈ ಮನೇಲೇ ಇದ್ದೆ. ನಿನ್ನ ಶರ್ಟು ಒಗೀತಿದ್ದಿದ್ದು ಯಾರು? ಕಬಾಬ್ ಎಣ್ಣೆ ಯಾವುದು, ಬೋಂಡ ಎಣ್ಣೆ ಯಾವುದು ಅಂತ ನನಗೆ ಗೊತ್ತಾಗಲ್ವೇನೋ?"

ಇಷ್ಟು ವರ್ಷ ಜಯನಗರದ ಗಲ್ಲಿಯೊಂದರಲ್ಲಿ ನಾನು ಕಾಪಾಡಿಕೊಂಡು ಬಂದಿದ್ದ ಮಹಾ ರಹಸ್ಯ ವಾಷಿಂಗ್ ಮೆಷಿನ್ ಪಕ್ಕದಲ್ಲಿ ಸತ್ತುಹೋಯಿತು. ಎರಡು ಆಘಾತಗಳಲ್ಲಿ ಯಾವುದು ದೊಡ್ಡದೆಂದು ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. "ಎಷ್ಟು ಕೂಗು ಕೂಗಿಸಿದ್ರಿ?" ಎಂದಷ್ಟೇ ಕೇಳಿದೆ.

"ಮೂರು. ಕಾಳಿನ ಥರ ಬೇಯಬೇಡ್ವಾ?"

ಯಾಕೆ ಇದೆಲ್ಲ ಅನ್ನುವುದನ್ನು ಹೇಳಬೇಕು. ಅತ್ತೆಯ ಒಬ್ಬಳೇ ಮಗಳು ಅನು ಮೂರು ವರ್ಷದ ಹಿಂದೆ ಕುಮಟಾ ಕಡೆಯ ಹುಡುಗನನ್ನು ಇಷ್ಟಪಟ್ಟಳು. ಮೀನು ತಿನ್ನುವವರ ಮನೆ. ಇದೇ ಹಾಲ್‌ನಲ್ಲಿ ಜಗಳವಾಯಿತು. ನಾನೂ ಇದ್ದೆ. "ಆ ವಾಸನೆ ಈ ಮನೆ ಒಳಗೆ ಬರೋದು ಬೇಡ" ಎಂದು ಅತ್ತೆ ಅಂದರು. "ಹಂಗಾದ್ರೆ ಅವರು ತಿನ್ನೋದನ್ನ ನೀನೇ ಈ ಅಡುಗೆಮನೇಲಿ ಮಾಡಿದ ದಿನ ಬರ್ತೀನಿ" ಎಂದು ಅನು ಅಂದಳು. ಇನ್ನು ಬರುವುದೇ ಇಲ್ಲ ಎನ್ನುವುದನ್ನು ಅವಳು ಹಾಗೆ ಹೇಳಿದ್ದಳು. ರಿಜಿಸ್ಟರ್ ಮದುವೆಯಾಗಿ ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿದಳು. ಪದ್ಮನಾಭನಗರದಿಂದ ಅಲ್ಲಿಗೆ ಆಟೋದಲ್ಲಿ ಅರ್ಧ ಗಂಟೆ, ಟ್ರಾಫಿಕ್ ಇದ್ದರೆ ಒಂದೂವರೆ. ಯಾವ ಟ್ರಾಫಿಕ್ಕಿನಲ್ಲೂ ಮೂರು ವರ್ಷ ಹಿಡಿಯುವುದಿಲ್ಲ.

ಅವಳು ಕೋಪದಲ್ಲಿ ಆಡಿದ ಮಾತನ್ನು ಅತ್ತೆ ಮೂರು ವರ್ಷ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಅದನ್ನು ಒಂದು ಷರತ್ತು ಎಂದು ಓದಿಕೊಂಡಿದ್ದರು. ಷರತ್ತು ಎಂದ ಮೇಲೆ ಪೂರೈಸಬಹುದಲ್ಲ.

ಜೆ.ಪಿ. ನಗರದ ಕೋಲ್ಡ್ ಸ್ಟೋರೇಜ್ ಅಂಗಡಿಗೆ ಅವರು ಹೋದ ಪ್ರಸಂಗವನ್ನು ಅವರ ಬಾಯಿಂದಲೇ ಕೇಳಿದ್ದೇನೆ, ಅಂಗಡಿಯವನ ಬಾಯಿಂದಲೂ ಕೇಳಿದ್ದೇನೆ, ಎರಡೂ ಹೊಂದುವುದಿಲ್ಲ. ಅತ್ತೆ ಕೇಳಿದ್ದು ಮಾತ್ರ ಇಬ್ಬರಿಗೂ ಒಂದೇ: "ಪ್ರಾಣಿ ಅನ್ನಿಸ್ದೇ ಇರೋ ಪ್ರಾಣಿ ಯಾವುದಿದೆ ನಿಮ್ಮತ್ರ?"

ಮೀನು ತೋರಿಸಿದನಂತೆ. ಅದು ದಿಟ್ಟಿಸಿ ನೋಡುತ್ತಿತ್ತು, ಬೇಡ. ಸಿಗಡಿ ತೋರಿಸಿದನಂತೆ. "ಮೀಸೆ ಇದೆ ಕಣೋ, ನಿಮ್ಮ ಮಾವನ ಥರ" ಎಂದು ಅತ್ತೆ ನನಗೆ ವಿವರಿಸಿದರು. ಏಡಿ ತೋರಿಸಿದನಂತೆ. ಅದು ಕೈ ಮುಗಿದುಕೊಂಡಿತ್ತು. ಕೊನೆಗೆ ಈ ಬಿಳಿ ಬಿಲ್ಲೆಗಳು. "ಮುಳ್ಳಿಲ್ಲ, ತಲೆ ಇಲ್ಲ, ಕಣ್ಣೂ ಇಲ್ಲ ಮೇಡಂ" ಎಂದು ಅವನು ಅಂದನಂತೆ. ಕಣ್ಣಿಲ್ಲ ಎಂಬ ಒಂದು ಮಾತಿಗೆ ಅತ್ತೆ ಸ್ಕ್ಯಾಲಪ್ಪಿಗೆ ಒಲಿದರು.

"ರುಚಿ ನೋಡದೆ ಹೇಗೆ ಮಾಡ್ತೀರತ್ತೆ?" ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಬಾಲಿಶವಾಗಿ ಕಂಡಿತು. ಮನೆಗೆ ಅಯ್ಯನವರು ಪೂಜೆಗೆ ಬಂದಾಗ, ಎಡೆ ಇಡುವ ತನಕ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ಮಠದ ದಾಸೋಹದಲ್ಲೂ ಹಾಗೆಯೇ. ನಲವತ್ತು ವರ್ಷ ನೂರಾರು ಎಲೆಗಳಿಗೆ ಅವರು ಮೂಗಿನಿಂದ, ಕಿವಿಯಿಂದ ಉಪ್ಪು-ಹುಳಿ ನಿರ್ಧರಿಸಿದವರು. ಸಾರು ಕುದಿಯುವ ಸದ್ದಿನಲ್ಲೇ ಹುಣಸೆ ಹೆಚ್ಚಾಗಿದೆ ಅನ್ನಬಲ್ಲರು. ಅಂಥವರಿಗೆ ಇದೊಂದು ಬಿಲ್ಲೆ ಯಾವ ಲೆಕ್ಕ?

ಎರಡನೆಯ ಸಲ ಎಣ್ಣೆಗಾಯಿ ಮಾಡಿದರು. ಬದನೆಕಾಯಿಯ ಹಾಗೆ ಒಂದೊಂದನ್ನೂ ನಾಲ್ಕು ಸೀಳಿ, ಕಡಲೆಕಾಯಿ-ಹುಚ್ಚೆಳ್ಳಿನ ಪುಡಿ ತುಂಬಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ತೆಗೆದು ನೋಡಿದರೆ ಸ್ಕ್ಯಾಲಪ್ಪುಗಳೆಲ್ಲ ಕುಗ್ಗಿ ಅಡಿಕೆಯಷ್ಟಾಗಿ, ಮಸಾಲೆಯಲ್ಲಿ ಹುಡುಕಬೇಕಾಯಿತು. ಗೊಜ್ಜು ಮಾತ್ರ ಅದ್ಭುತ. ನಾನು ಮೂರು ಚಪಾತಿ ಹೆಚ್ಚಾಗಿ ತಿಂದೆ.

"ಅದು ಹೇಗಿದೆ?" ಅಂದರು.

"ಅದು ಇಲ್ಲದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಮೂರನೆಯದು ಬೋಂಡ. ಕಡಲೆಹಿಟ್ಟು, ಓಂಕಾಳು, ಕಾದ ಎಣ್ಣೆ. ಇದು ಗೆದ್ದಿತು, ಆದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಯಾವುದು ತಾನೇ ಗೆಲ್ಲುವುದಿಲ್ಲ? ಆ ಗೆಲುವಿನ ಮತ್ತಿನಲ್ಲಿ ನಾನೊಂದು ಮೂರ್ಖತನ ಮಾಡಿದೆ. ಬೋಂಡ ತಿನ್ನುತ್ತ ಮೊಬೈಲಿನಲ್ಲಿ ಸ್ಕ್ಯಾಲಪ್ ಎಂದು ಹುಡುಕಿದೆ. ಚಿತ್ರ ಬಂತು. ಅಗಿಯುವುದನ್ನು ನಿಲ್ಲಿಸಿದೆ. ಚಿಪ್ಪಿನ ಅಂಚಿನುದ್ದಕ್ಕೂ ಸಾಲಾಗಿ, ಮಣಿ ಪೋಣಿಸಿದ ಹಾಗೆ, ನೀಲಿ ನೀಲಿ ಕಣ್ಣುಗಳು. ಒಂದೆರಡಲ್ಲ, ಹತ್ತಾರು!

ಯಾಕೆ ಹೇಳಿದೆನೋ. ಗೊತ್ತಿದ್ದದ್ದನ್ನು ಒಳಗಿಟ್ಟುಕೊಳ್ಳಲು ಆಗದ ನನ್ನ ಸ್ವಭಾವಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡಿದ್ದೇನೆ. ಮೊಬೈಲನ್ನು ಅತ್ತೆಯ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಎಣ್ಣೆಯ ಬಾಣಲೆ ಇಳಿಸಿ, ಸ್ಟವ್ ಆರಿಸಿ, "ಕತ್ತಲಾಗ್ತಿದೆ, ನೀನು ಹೊರಡು" ಅಂದರು.

ಎಂಟು ದಿನ ಫೋನ್ ಇಲ್ಲ. ನಾನು ಮಾಡಿದರೆ ಮಾವ ಎತ್ತಿ "ಪೂಜೇಲಿ ಕೂತಿದಾಳೆ" ಅನ್ನುತ್ತಿದ್ದರು. ಬೆಳಿಗ್ಗೆಯೂ ಪೂಜೆ, ಸಂಜೆಯೂ ಪೂಜೆ. ಅನು ಎರಡನೆಯ ಸಲ ಆ ಮನೆಗೆ ದೂರವಾದಳು, ಈ ಸಲ ನನ್ನಿಂದ ಎಂದು ನನಗೆ ಖಾತ್ರಿಯಾಯಿತು. ಒಂಬತ್ತನೆಯ ದಿನ ಅತ್ತೆಯೇ ಫೋನ್ ಮಾಡಿದರು.

"ಬೆಣ್ಣೆ ತಗೊಂಡ್ ಬಾ."

"ಅತ್ತೆ, ಆ ಕಣ್ಣಿನ ವಿಷಯ..."

"ಕಾಲು ಕೆಜಿ ಸಾಕು."

ಹೋದಾಗ ಯುಟಿಲಿಟಿ ಖಾಲಿ. ಅತ್ತೆ ಅಡುಗೆಮನೆಯ ಒಲೆಯ ಮುಂದೆ ನಿಂತಿದ್ದರು. ನಾಲ್ಕು ದಶಕ ದೋಸೆ ಹುಯ್ದ ಕಬ್ಬಿಣದ ಕಾವಲಿ ಕಾಯುತ್ತಿತ್ತು. ಕರಡಿಗೆ ಎದೆಯ ಮೇಲೆ ಅದರ ಜಾಗದಲ್ಲೇ ಇತ್ತು. ನನ್ನ ಕಣ್ಣು ಅದರ ಮೇಲೆ ಹೋದದ್ದನ್ನು ಕಂಡು "ನೋಡೋದಿದ್ರೆ ನೋಡ್ಲಿ, ಕದ್ದು ಮಾಡಿದ್ದು ಸಾಕು" ಅಂದರು. ಮಾವನ ಹಳೆಯ ಪಂಚೆಯ ತುಂಡಿನಲ್ಲಿ ಬಿಲ್ಲೆಗಳನ್ನು ಒತ್ತಿ ಒತ್ತಿ ನೀರು ತೆಗೆದಿದ್ದರು. ಯಾರೋ ಹೊರದೇಶದವನು ಸ್ಕ್ಯಾಲಪ್ ಬೇಯಿಸುವ ವಿಡಿಯೊ ಹಾಕಿಕೊಂಡಿದ್ದರಂತೆ, ಆದರೆ ನೋಡಿರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡು ಅವನ ಕಾವಲಿಯ ಸದ್ದನ್ನು ಕೇಳಿದ್ದರಂತೆ. ಬೆಣ್ಣೆ ಹಾಕಿ, ಒಂದಕ್ಕೊಂದು ತಾಗದ ಹಾಗೆ ಆರು ಬಿಲ್ಲೆ ಇಟ್ಟರು. ಕೈ ಕಟ್ಟಿ ನಿಂತರು.

"ತಿರುಗಿಸಿ ಅತ್ತೆ, ಸೀದು ಹೋಗುತ್ತೆ."

"ಸುಮ್ನಿರು. ದೋಸೆ ತಾನಾಗಿ ಕಾವಲಿ ಬಿಡ್ಬೇಕು. ಕೆದಕಿದ್ರೆ ಕಿತ್ಕೊಂಡು ಬರುತ್ತೆ."

ಸದ್ದು ಸಣ್ಣಗಾಯಿತು. ತಿರುಗಿಸಿದರು. ಅಡಿ ಹೊಂಬಣ್ಣ. ಇನ್ನೊಂದು ಮಗ್ಗುಲಿಗೆ ಒಂದೇ ನಿಮಿಷ, ಮೇಲೆ ಕುಟ್ಟಿದ ಮೆಣಸು, ಕರಿಬೇವು, ನಿಂಬೆಹಣ್ಣು. ನನ್ನ ಬಾಯಲ್ಲಿ ಅದು ಕರಗಿಹೋಯಿತು. ನಾನು ಇನ್ನೊಂದಕ್ಕೆ ಕೈ ಚಾಚಿದೆ. ಅತ್ತೆಗೆ ಅಷ್ಟು ಸಾಕಾಯಿತು. ಕಾವಲಿಯ ಫೋಟೋ ತೆಗೆಸಿ, ಹಿಂದೆ ಅಡುಗೆಮನೆಯ ಗೋಡೆ ಕಾಣುವ ಹಾಗೆ, ಅನುವಿಗೆ ಕಳಿಸಿದರು. ಕೆಳಗೆ ಒಂದಕ್ಷರವೂ ಬರೆಯಲಿಲ್ಲ.

ಐದು ನಿಮಿಷಕ್ಕೆ ನನ್ನ ಫೋನ್ ಹೊಡೆದುಕೊಂಡಿತು. "ಲೋ, ಏನೋ ಇದು? ಯಾರ ಮನೆ ಅದು?" ಅಂದಳು ಅನು.

"ನಿನ್ನ ಮನೆ ಕಣೆ."

"ಭಾನುವಾರ ಅಮ್ಮ ಮನೇಲಿರ್ತಾಳಾ?" ಅಂದಳು.

ಭಾನುವಾರ ಇಬ್ಬರೂ ಬಂದರು. ಅಳಿಯ ಉದ್ದನೆಯ, ಸಂಕೋಚದ ಮನುಷ್ಯ. ಕಾಲು ತೊಳೆದುಕೊಂಡು ಬಂದು ಮಾವನ ಪಕ್ಕದಲ್ಲೇ ಎಲೆಗೆ ಕೂತ. ಅವನ ಎಲೆಗೆ ಕೋಸಂಬರಿ, ಪಲ್ಯ, ಅನ್ನ, ಹುಳಿ. ನಡುವೆ ಆರು ಹೊಂಬಣ್ಣದ ಬಿಲ್ಲೆ. ಅವನು ಬಗ್ಗಿ ನೋಡಿದ.

"ಇದು ಏನು ಆಂಟಿ?"

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. "ನಿಮ್ಮ ಕಡೆದು. ಸಮುದ್ರದ್ದು" ಅಂದರು.

"ನಮ್ಮಲ್ಲಿ ಬಂಗಡೆ, ತಾರ್ಲೆ, ಸಿಗಡಿ ಮಾಡ್ತಾರೆ. ಇದನ್ನ ನಾನು ಯಾವತ್ತೂ ನೋಡೇ ಇಲ್ಲ."

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆದರೂ ನಂಬುವುದು ಕಷ್ಟ. ಜೀವಮಾನವಿಡೀ ಸಸ್ಯಾಹಾರಿಯಾದ ಹೆಂಗಸು, ಕಡಲ ತೀರದಲ್ಲಿ ಮೀನು ತಿಂದು ಬೆಳೆದವನಿಗೆ ಸ್ಕ್ಯಾಲಪ್ ತಿನ್ನುವುದನ್ನು ಹೇಳಿಕೊಟ್ಟರು! "ಬಿಸಿ ಇದ್ದಾಗ್ಲೇ ತಿನ್ನಿ. ಮಧ್ಯದಲ್ಲಿ ಸ್ವಲ್ಪ ಮೆತ್ತಗಿರ್ಬೇಕು. ಅದೇ ಹದ." ಅವನು ಶ್ರದ್ಧೆಯಿಂದ ಒಂದನ್ನು ಬಾಯಿಗೆ ಹಾಕಿಕೊಂಡ. ಅನು ತಾಯಿಯ ಮುಖ ನೋಡುತ್ತಿದ್ದಳು. ಅವನು ಅಗಿದ, ನುಂಗಿದ, ಯೋಚಿಸಿದ.

"ಉಪ್ಪು ಒಂಚೂರು ಕಮ್ಮಿ ಆಂಟಿ."

ನಲವತ್ತು ವರ್ಷದಲ್ಲಿ ಆ ಮಾತನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ. ಅಯ್ಯನವರು ಹೇಳಿರಲಿಲ್ಲ. ನಾನಂತೂ ಸತ್ತರೂ ಹೇಳುತ್ತಿರಲಿಲ್ಲ. ಅನು ಅವನ ಮೊಣಕಾಲಿಗೆ ಚಿವುಟಿದ್ದು ನನಗೆ ಕಂಡಿತು. ಆಗ ಮಾವ, ಇಡೀ ಕಥೆಯಲ್ಲಿ ಏನನ್ನೂ ನೋಡದ ಮಾವ, ಅನ್ನ ಕಲಸುತ್ತ ಮೆಲ್ಲಗೆ ಅಂದರು: "ಬರೀ ನೆಂಟರಾಗಿದ್ರೆ ಚೆನ್ನಾಗಿದೆ ಅಂತ ಸುಮ್ನೆ ತಿಂತಿದ್ರು. ಮನೆಯವನು, ಹೇಳ್ತಾನೆ."

ಅತ್ತೆ ಉಪ್ಪಿನ ಭರಣಿ ತಂದರು. "ಎಷ್ಟು ಹಾಕ್ಲಿ?" ಎಂದು ಕೇಳಿದರು. ಅವರು ಅಡುಗೆಯ ವಿಷಯದಲ್ಲಿ ಯಾರನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನು ಬೆರಳಿನಲ್ಲಿ ತೋರಿಸಿದಷ್ಟನ್ನು ಎಲೆಯ ತುದಿಗೆ ಹಾಕಿ, "ಕಾವಲಿ ಒಲೆ ಮೇಲಿದೆ" ಎನ್ನುತ್ತ ಒಳಗೆ ಹೋದರು. ಅನು ಊಟ ಅರ್ಧಕ್ಕೇ ಬಿಟ್ಟು ಎದ್ದು ಅವರ ಹಿಂದೆಯೇ ಹೋದಳು. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ನಾವು ಮೂವರು ಗಂಡಸರು ತಲೆ ತಗ್ಗಿಸಿ ಹುಳಿಯನ್ನ ಉಂಡೆವು. ಅವನು ಆರನ್ನೂ ತಿಂದ.

ಅವರಿಬ್ಬರೂ ಹೊರಗೆ ಬರುವಷ್ಟರಲ್ಲಿ ನಮ್ಮ ಮಜ್ಜಿಗೆಯೂ ಮುಗಿದಿತ್ತು. ಒಳಗಿನಿಂದ ನಗು ಕೇಳಿಸಿತು ಎಂದು ಮಾವ ಈಗಲೂ ಹೇಳುತ್ತಾರೆ. ನನಗೆ ಕೇಳಿಸಿದ್ದು ನಗುವಿನಂತೆ ಇರಲಿಲ್ಲ. ಅಲ್ಲಿ ಅವರು ಏನು ಮಾತಾಡಿಕೊಂಡರು, ಮಾತಾಡಿಕೊಂಡರೋ ಇಲ್ಲವೋ, ನನಗೆ ಗೊತ್ತಿಲ್ಲ.