ಕೆಂಚನ ವಯಸ್ಸು

ಬುಧವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದ ಗುಮಾಸ್ತನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಕೆಂಚನಿಗೆ ನಾಲ್ಕು ವರ್ಷ!

ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆ ಆಶ್ರಯದಲ್ಲಿ ಕೆಂಚನೇ ಹಿರಿಯ ನಾಯಿ. ಹದಿಮೂರು ವರ್ಷ ಎಂದು ಗುಮಾಸ್ತ ಕೈಯಾರೆ ದಾಖಲಿಸಿದ್ದ. ಸೋಮವಾರ ನೋಡಿದರೆ ಅದು ಹತ್ತಾಗಿತ್ತು, ತಿದ್ದಿದ. ಮಂಗಳವಾರ ಏಳಾಗಿತ್ತು, ತಿದ್ದಿದ. ಹೀಗೇ ನಡೆದರೆ ಶುಕ್ರವಾರದ ಹೊತ್ತಿಗೆ ಕೆಂಚ ಹುಟ್ಟಿಯೇ ಇರುವುದಿಲ್ಲ!

ಎಲ್ಲರೂ ಗುಮಾಸ್ತನನ್ನು ಕರೆಯುತ್ತಿದ್ದುದು 'ಕರಾರುವಾಕ್ಕು' ಎಂದು. ಗಂಟೆ ಎಷ್ಟೆಂದು ಕೇಳಿದರೆ ಹತ್ತೂವರೆ ಎನ್ನುವ ಜಾಯಮಾನ ಅವನದಲ್ಲ. ಹತ್ತು ಇಪ್ಪತ್ತೊಂಬತ್ತು ಎನ್ನುವವನು. ಅಂಥವನ ದಾಖಲೆಯಲ್ಲೇ ಯಾರೋ ಕೈಯಾಡಿಸುವುದೆಂದರೆ!

ಮೇಲ್ವಿಚಾರಕಿ ಮೇಡಂ ಗರಂ ಆದರು. "ನಾಳೆ ತಪಾಸಣೆಯವರು ಬರ್ತಾರೆ. ನಾಯಿಗೆ ದಿನಕ್ಕೊಂದು ವಯಸ್ಸು ಅಂದ್ರೆ ನಮ್ಮನ್ನ ನೋಡಿ ನಗ್ತಾರೆ. ಸಂಜೆಯೊಳಗೆ ಯಾರು ಅಂತ ಹುಡುಕಿ."

ಡಾಕ್ಟರು ಇಣುಕಿ, "ವೈರಸ್ ಇರ್ಬೇಕು ಕಣ್ರೀ," ಎಂದರು. ಅಡುಗೆಯಾಕೆ, "ಕಂಪ್ಯೂಟರಿಗೂ ಅರಳುಮರಳು ಶುರುವಾಗಿರ್ಬೇಕು," ಎಂದಳು. ಗುಮಾಸ್ತ ಯಾರ ಮಾತಿಗೂ ಕಿವಿಗೊಡದೆ, ಯಾವ ಬದಲಾವಣೆ ಯಾರ ಹೆಸರಿನಲ್ಲಿ ಆಗಿದೆ ಎಂಬ ಪಟ್ಟಿ ತೆಗೆದ. ಮೂರಕ್ಕೆ ಮೂರೂ ಅವನದೇ ಹೆಸರಿನಲ್ಲಿದ್ದವು.

ಅವನು ಪಟ್ಟಿಯನ್ನು ಇನ್ನೊಮ್ಮೆ ಓದಿದ. ಆಮೇಲೆ ಕಣ್ಣು ಪರದೆಯ ಅಂಚಿಗೆ ಹೋಯಿತು. ಮರೆತುಹೋದೀತೆಂದು ತಾನೇ ಅಂಟಿಸಿದ್ದ ಚೀಟಿಯಲ್ಲಿ ಪಾಸ್‌ವರ್ಡು ದಪ್ಪಕ್ಷರದಲ್ಲಿ ಎಲ್ಲರಿಗೂ ದರ್ಶನ ಕೊಡುತ್ತಿತ್ತು.

ಅವನು ಕೆಂಚನ ವಯಸ್ಸನ್ನು ತಿದ್ದಿ, ಚೀಟಿಯನ್ನು ಹಾಗೇ ಬಿಟ್ಟು, ಊಟಕ್ಕೆ ಹೋದವನಂತೆ ನಟಿಸಿ, ಕಪಾಟಿನ ಹಿಂದೆ ಮುದುರಿ ಕುಳಿತ. ಮೂರು ಕಾಲಿನ ಬೆಕ್ಕೊಂದು ಬಂದು ಅವನ ತೊಡೆಯೇರಿತು. ಅದರ ಬಾಲ ಮೂಗಿಗೆ ತಾಗಿ ಸೀನು ಬರುವಂತಾದಾಗ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಅಡುಗೆಯಾಕೆ ಮೆಲ್ಲಗೆ ಒಳಬಂದಳು. ಹಿಂದೆಯೇ ಡಾಕ್ಟರು!

"ನೀನೂನಾ?"

"ನೀವೂನಾ ಡಾಕ್ಟ್ರೇ? ನಾನು ಹತ್ತು ಅಂತ ಹಾಕಿದ್ದೆ."

"ಏಳು ನನ್ನದು. ಹಾಗಾದ್ರೆ ನಾಲ್ಕು?"

"ನಾನಲ್ಲಪ್ಪ!"

"ಆಕ್ಷೀ!" ಎಂದಿತು ಕಪಾಟು.

ಸಿಕ್ಕಿಬಿದ್ದ ಅಡುಗೆಯಾಕೆ ಹೆದರಲಿಲ್ಲ, ಅತ್ತೇಬಿಟ್ಟಳು. "ಹದಿಮೂರು ಅಂತ ಬರೆದ್ರೆ ಅವನನ್ನ ಯಾರಣ್ಣ ಕರ್ಕೊಂಡು ಹೋಗ್ತಾರೆ? ಗೇಟು ಸದ್ದಾದಾಗೆಲ್ಲ ಎದ್ದು ನಿಲ್ತಾನೆ. ಬಂದೋರು ಮರಿ ಎತ್ಕೊಂಡು ಹೋಗ್ತಾರೆ. ಇವನು ಮತ್ತೆ ಮಲಗ್ತಾನೆ."

ಗುಮಾಸ್ತ ಕಿಟಕಿಯಾಚೆ ಮಲಗಿದ್ದ ಕೆಂಚನನ್ನು ನೋಡಿದ. ಆದರೂ, "ಸುಳ್ಳು ಸುಳ್ಳೇ ಅಕ್ಕಾ," ಎಂದು ಚೀಟಿ ಹರಿದ, ಪಾಸ್‌ವರ್ಡು ಬದಲಿಸಿದ. ಅವರಿಬ್ಬರ ಹೆಸರನ್ನು ಮಾತ್ರ ಮೇಡಂಗೆ ಹೇಳಲು ಬಾಯಿ ಬರಲಿಲ್ಲ.

ನಾಲ್ಕು ಗಂಟೆಗೆ, ಸರಿಯಾಗಿ ಹೇಳಬೇಕೆಂದರೆ ನಾಲ್ಕು ಮೂರಕ್ಕೆ, ಒಬ್ಬ ಮುದಿ ದರ್ಜಿ ಊರುಗೋಲು ಕುಟ್ಟುತ್ತ ಬಂದ. "ವಯಸ್ಸಾದ ನಾಯಿ ಇದ್ಯೇನಪ್ಪಾ? ಎಳೇದು ಬೇಡ, ನನ್ನ ದರದರ ಎಳ್ಕೊಂಡು ಹೋಗುತ್ತೆ. ನಾನು ಕೂತಾಗ ಅದೂ ಕೂರ್ಬೇಕು."

ಹತ್ತು ದಾಟಿದ ನಾಯಿಗಳನ್ನು ಹುಡುಕಿದಾಗ ಪರದೆಯ ಮೇಲೆ ಬಂದಿದ್ದು ಒಂದೇ ಹೆಸರು. ನಿಜ ಬರೆದದ್ದರಿಂದಲೇ ಅಲ್ಲವೇ ಕೆಂಚ ಸಿಕ್ಕಿದ್ದು! ಗುಮಾಸ್ತನ ಎದೆ ಪೂರಿಯಂತೆ ಉಬ್ಬಿತು. ಕೆಂಚ ಬಂದು ದರ್ಜಿಯ ಚಪ್ಪಲಿ ಮೂಸಿದ. ಆಫೀಸು ಮುಗಿಸಿ ಮನೆ ಸೇರಿದವನಂತೆ ನಿಟ್ಟುಸಿರು ಬಿಟ್ಟು, ಅವನ ಮೊಣಕಾಲಿಗೆ ತಲೆಯಿಟ್ಟ.

"ನಿಮ್ಮ ವಯಸ್ಸು, ತಾತ?"

"ಎಂಬತ್ತೊಂದು. ಯಾಕಪ್ಪ?"

ಪರದೆ ಕೆಂಪಾಯಿತು. ಎಪ್ಪತ್ತೈದು ದಾಟಿದವರಿಗೆ ಪ್ರಾಣಿ ಕೊಡುವಂತಿಲ್ಲ. ಗುಮಾಸ್ತ ನಿಯಮವನ್ನು ಎರಡು ಸಲ ಓದಿದ. ಎಲ್ಲೂ ಸಂದಿಯಿರಲಿಲ್ಲ.

ಅವನ ಮುಖ ನೋಡಿಯೇ ದರ್ಜಿಗೆ ಅರ್ಥವಾಯಿತು. "ಹೋಗ್ಲಿ ಬಿಡು ಮಗಾ," ಎಂದು ಕೆಂಚನ ತಲೆ ಸವರಿ ಬಾಗಿಲ ಕಡೆ ನಡೆದ. ಕೆಂಚನೂ ಹಿಂದೆಯೇ ಹೊರಟ. ಹೊಸ್ತಿಲ ಬಳಿ ದರ್ಜಿ ಸುಧಾರಿಸಿಕೊಳ್ಳಲು ನಿಂತ. ಕೆಂಚ ಪಕ್ಕದಲ್ಲೇ ಕುಳಿತ.

"ತಾತಾ, ಒಂದ್ನಿಮಿಷ!"

ಗುಮಾಸ್ತನ ಬೆರಳು ಎಂಬತ್ತೊಂದನ್ನು ಅಳಿಸಿ ಅರವತ್ತು ಎಂದು ಒತ್ತಿತು.

"ಅರವತ್ತಾ?" ಬೆನ್ನ ಹಿಂದೆ ಮೇಡಂ ದನಿ.

ಗುಮಾಸ್ತ ಪರದೆಗೆ ಅಡ್ಡವಾಗಿ ನಿಂತ. "ಮೇಡಂ... ಅದು... ಕೈ ಜಾರಿ..."

"ಅಷ್ಟೊಂದು ಇಳಿಸಿದ್ರೆ ಯಾರು ನಂಬ್ತಾರೆ ರೀ? ಎಪ್ಪತ್ನಾಲ್ಕು ಹಾಕಿ." ಮೇಡಂ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಕೆಂಚನಿಗೆ ನಾಲ್ಕು ಅಂತ ಹಾಕಿ ನಾನೂ ಅದೇ ತಪ್ಪು ಮಾಡ್ದೆ."

ಮರುದಿನ ತಪಾಸಣೆಯವರು ಕೆಂಚನ ವಯಸ್ಸು ದಿನವೂ ಬದಲಾದ ಪಟ್ಟಿ ನೋಡಿ, "ಇದೆಲ್ಲ ಯಾರ ಕೆಲಸ?" ಎಂದು ಗದರಿದರು. ಡಾಕ್ಟರು ಸೂರು ನೋಡಿದರು, ಅಡುಗೆಯಾಕೆ ನೆಲ ನೋಡಿದಳು, ಮೇಡಂ ಕಿಟಕಿ ನೋಡಿದರು. "ನಂದೇ ಸಾರ್," ಎಂದ ಗುಮಾಸ್ತ.

ಶಿಕ್ಷೆಯಾಗಿ ಒಂದು ತಿಂಗಳು ನಾಯಿ ತೊಳೆಯುವ ಕೆಲಸ ಬಂತು. ಮೂರನೆಯ ದಿನ ದರ್ಜಿ ತಾತ ಕೆಂಚನನ್ನು ಸ್ನಾನಕ್ಕೆ ಕರೆತಂದ. "ನಿಧಾನಕ್ಕೆ ಮಾಡು ಮಗಾ, ನಮಗೇನು ಅವಸರ ಇಲ್ಲ," ಎಂದು ಕಲ್ಲುಬೆಂಚಿನ ಮೇಲೆ ಕುಳಿತ. ಗುಮಾಸ್ತ ಕಾಲು ಗಂಟೆ ಉಜ್ಜಿ ಉಜ್ಜಿ ತೊಳೆದು, ಒರೆಸಲು ಬಟ್ಟೆ ಎತ್ತಿಕೊಂಡ.

ಕೆಂಚ ಒಮ್ಮೆ ಜೋರಾಗಿ ಮೈ ಕೊಡವಿದ. ಬಟ್ಟೆ ಗುಮಾಸ್ತನಿಗೇ ಬೇಕಾಯಿತು.